ಶಾಲೆ ಶುರುವಾಗುವ ಮುಂಚೆ ಅವೆನ್ಯೂ ರಸ್ತೆ: ಪೇಟೆಯಲ್ಲಿ ಯಾವುದು ಅಗ್ಗ, ಯಾವುದು ಬರೀ ಗದ್ದಲ

ರಾಜ್ಯ ಪಠ್ಯಕ್ರಮದ ಶಾಲೆಗಳು ಮೇ ಕೊನೆಗೆ ಬಾಗಿಲು ತೆರೆಯುತ್ತವೆ. ಹಾಗಾಗಿ ಮೇ ಎರಡನೇ ವಾರದಿಂದಲೇ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೈಸೂರು ಬ್ಯಾಂಕ್ ವೃತ್ತದಿಂದ ಕೆ.ಆರ್. ಮಾರ್ಕೆಟ್‌ವರೆಗಿನ ಈ ಹಳೆಯ ದೊಡ್ಡಪೇಟೆ, ಅದಕ್ಕೆ ಅಂಟಿಕೊಂಡ ಚಿಕ್ಕಪೇಟೆ, ಸುಲ್ತಾನ್‌ಪೇಟೆ, ಮಾಮೂಲ್‌ಪೇಟೆ ಎಲ್ಲ ಸೇರಿ ನಮ್ಮೂರಿನ ಮಕ್ಕಳ ಶಾಲಾ ಸಾಮಾನಿನ ಸಗಟು ಸಂತೆ. 'ಪೇಟೆಗೆ ಹೋದರೆ ಎಲ್ಲವೂ ಅರ್ಧ ಬೆಲೆ' ಎನ್ನುವ ಮಾತು ಅರ್ಧ ಮಾತ್ರ ನಿಜ. ನೋಟ್‌ಬುಕ್, ಬೈಂಡ್ ಶೀಟ್, ಹಳೇ ಪುಸ್ತಕ, ಯೂನಿಫಾರ್ಮ್ ಬಟ್ಟೆ ಈ ನಾಲ್ಕರಲ್ಲಿ ಪೇಟೆಯನ್ನು ಮೀರಿಸುವ ಜಾಗ ಇಲ್ಲ. ಬ್ಯಾಗು ಮತ್ತು ಶೂ ವಿಷಯಕ್ಕೆ ಬಂದರೆ ಉಳಿಸಿದ ದುಡ್ಡು ದಸರಾ ರಜೆಯ ಹೊತ್ತಿಗೆ ವಾಪಸ್ ಹೋಗಿರುತ್ತದೆ.

ಇನ್ನೊಂದು ಮಾತು ಮೊದಲೇ. ಎರಡು ಡಜನ್‌ಗಿಂತ ಕಡಿಮೆ ನೋಟ್‌ಬುಕ್ ಬೇಕಿದ್ದರೆ ಪೇಟೆಗೆ ಹೋಗಲೇಬೇಡಿ. ಓಡಾಟದ ಖರ್ಚು, ಅರ್ಧ ದಿನ, ಕಬ್ಬಿನ ಹಾಲು, ದಾರಿಯಲ್ಲಿ ಮಗು ಕೇಳುವ ಗೊಂಬೆ ಎಲ್ಲ ಸೇರಿಸಿದರೆ ಬಡಾವಣೆಯ ಸ್ಟೇಷನರಿ ಅಂಗಡಿಯೋ ಡಿಮಾರ್ಟೋ ಸಾಕು. ಇಬ್ಬರು ಮಕ್ಕಳಿದ್ದರೆ, ಅಥವಾ ಅಕ್ಕಪಕ್ಕದ ಮೂರು ಮನೆಯವರು ಪಟ್ಟಿ ಒಟ್ಟು ಮಾಡಿದರೆ, ಆಗ ಪೇಟೆ ಲಾಭ. ಸಗಟು ಅಂಗಡಿಯವರು ಡಜನ್ ಲೆಕ್ಕದಲ್ಲಿ ಕಟ್ಟು ಒಡೆಯದೆ ಕೊಡುತ್ತಾರೆ. 'ಇದರಲ್ಲಿ ನಾಲ್ಕು, ಅದರಲ್ಲಿ ಮೂರು' ಎಂದ ತಕ್ಷಣ ಬಿಡಿ ದರ ಹೇಳುತ್ತಾರೆ. ಒಟ್ಟು ಪಟ್ಟಿ ಮಾಡಿಕೊಂಡರೆ ಈ ತೊಂದರೆಯೂ ತಪ್ಪುತ್ತದೆ.

ನೋಟ್‌ಬುಕ್ಕಿನಲ್ಲಿ ಬೆಲೆ ಮಾತ್ರ ನೋಡಿದವರು ಮೋಸ ಹೋಗುತ್ತಾರೆ. ನೋಡಬೇಕಾದದ್ದು ಪುಟದ ಅಳತೆ, ಪುಟದ ಸಂಖ್ಯೆ, ಕಾಗದದ ದಪ್ಪ. ಕಿಂಗ್ ಸೈಜ್ ಎಂದರೆ ಸಾಮಾನ್ಯವಾಗಿ 24 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲ. ಚಿಕ್ಕ ಪುಸ್ತಕ ಸುಮಾರು 19 × 15.5. ಗುಣಿಸಿ ನೋಡಿದರೆ ಚಿಕ್ಕದರ ಪುಟ ಕಿಂಗ್ ಸೈಜಿನ ಮೂರನೇ ಎರಡು ಭಾಗಕ್ಕಿಂತ ಕೂದಲೆಳೆ ಜಾಸ್ತಿ, ಅಷ್ಟೇ. ಅದರ ಬೆಲೆ ಮುಕ್ಕಾಲು ಪಾಲಿದ್ದರೆ ಅದು ಅಗ್ಗವಲ್ಲ, ದುಬಾರಿ. ಪುಟದ ಲೆಕ್ಕವನ್ನು ಪೈಸೆಯಲ್ಲಿ ಮಾಡಿ. 172 ಪುಟದ್ದು 55 ರೂಪಾಯಿಗೆ ಸಿಕ್ಕರೆ ಪುಟಕ್ಕೆ 32 ಪೈಸೆ, 140 ಪುಟದ್ದು 48ಕ್ಕೆ ಸಿಕ್ಕರೆ 34 ಪೈಸೆ. ಕಡಿಮೆ ಬೆಲೆಯದ್ದೇ ಇಲ್ಲಿ ದುಬಾರಿಯಾಯಿತು. ಹೊದಿಕೆಯ ಮೇಲೆ ಬರೆದ ಪುಟಸಂಖ್ಯೆಯಲ್ಲಿ ಪರಿವಿಡಿ, ಮುದ್ರಿತ ಮಾಹಿತಿಯ ಪುಟಗಳೂ ಸೇರಿರುತ್ತವೆ. ಹಿಂಬದಿಯ ಸಣ್ಣ ಅಕ್ಷರ ಓದಿ.

ಕಾಗದದ ದಪ್ಪ ಜಿಎಸ್‌ಎಂ ಲೆಕ್ಕದಲ್ಲಿ, ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕದಲ್ಲಿ ಇರುತ್ತದೆ. 54ಕ್ಕಿಂತ ಕೆಳಗಿನದರಲ್ಲಿ ಜೆಲ್ ಪೆನ್ನಿನ ಶಾಯಿ ಹಿಂದಿನ ಪುಟಕ್ಕೆ ಇಳಿಯುತ್ತದೆ, ಮಗು ಒಂದೇ ಮಗ್ಗುಲಲ್ಲಿ ಬರೆಯುತ್ತದೆ, ಹತ್ತು ಪುಸ್ತಕ ಬೇಕಾದ ಕಡೆ ಇಪ್ಪತ್ತು ಬೇಕಾಗುತ್ತದೆ. ಜಿಎಸ್‌ಎಂ ಬರೆದಿರದಿದ್ದರೆ ನಿಮ್ಮದೇ ಜೆಲ್ ಪೆನ್ನು ತೆಗೆದುಕೊಂಡು ಹೋಗಿ, ಒಂದು ಸ್ಯಾಂಪಲ್ ಪುಸ್ತಕದ ಕೊನೆಯ ಪುಟದಲ್ಲಿ ನಾಲ್ಕು ಗೆರೆ ಎಳೆದು ತಿರುವಿ ನೋಡಿ. ಒಳ್ಳೆಯ ಅಂಗಡಿಯವರು ಬೇಡ ಎನ್ನುವುದಿಲ್ಲ. ಆಮೇಲೆ ನಡುವಿನ ಪುಟ ತೆರೆದು ಪಿನ್ ನೋಡಿ. ಪಿನ್ನಿನ ಕಾಲು ಪೂರ್ತಿ ಮಡಚಿರಬೇಕು, ಇಲ್ಲದಿದ್ದರೆ ನಡುವಿನ ಹಾಳೆ ಜುಲೈಗೇ ಕೈಗೆ ಬರುತ್ತದೆ. 200 ಪುಟ ದಾಟಿದ ಪುಸ್ತಕಕ್ಕೆ ಪಿನ್ ಬೇಡ, ದಾರದ ಹೊಲಿಗೆ ಇರುವುದನ್ನೇ ಕೇಳಿ.

ಬ್ರ್ಯಾಂಡ್ ವಿಷಯ: ಕ್ಲಾಸ್‌ಮೇಟ್ ಎಲ್ಲ ಕಡೆ ಸಿಗುತ್ತದೆ, ಕಾಗದ ಚೆನ್ನಾಗಿದೆ, ಆದರೆ ರಿಯಾಯಿತಿ ಕಡಿಮೆ. ರಾಜ್ಯ ಸರ್ಕಾರದ ಎಂಎಸ್‌ಐಎಲ್‌ನ 'ಲೇಖಕ್' ಪುಸ್ತಕಗಳನ್ನು ಜನ ಮರೆತೇಬಿಟ್ಟಿದ್ದಾರೆ, ಸಿಕ್ಕರೆ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ರಫ್ ಕೆಲಸಕ್ಕೆ, ಮನೆಯಲ್ಲಿ ಲೆಕ್ಕ ಮಾಡುವುದಕ್ಕೆ ಹೆಸರಿಲ್ಲದ ಸ್ಥಳೀಯ ಪುಸ್ತಕ ಸಾಕು. ಶಾಲೆಗೆ ಒಪ್ಪಿಸುವ ಪುಸ್ತಕಕ್ಕೆ ಮಾತ್ರ ಒಳ್ಳೆಯ ಕಾಗದ ಕೊಳ್ಳಿ. ಎರಡನ್ನೂ ಒಂದೇ ಬ್ರ್ಯಾಂಡಿನಲ್ಲಿ ಕೊಳ್ಳುವುದೇ ಹೆಚ್ಚಿನ ಮನೆಗಳಲ್ಲಿ ಆಗುವ ದೊಡ್ಡ ಪೋಲು.

ತೆರಿಗೆ ಬದಲಾಗಿರುವುದು ಗೊತ್ತಿರಲಿ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ರಬ್ಬರು, ಶಾರ್ಪ್‌ನರ್, ಕ್ರೇಯಾನ್, ನಕಾಶೆ, ಗ್ಲೋಬಿಗೆ ಜಿಎಸ್‌ಟಿ ಶೂನ್ಯ. ಜಾಮಿಟ್ರಿ ಬಾಕ್ಸ್ 12ರಿಂದ 5 ಪ್ರತಿಶತಕ್ಕೆ ಇಳಿದಿದೆ. ಬಿಲ್ಲಿನಲ್ಲಿ ನೋಟ್‌ಬುಕ್ಕಿಗೆ ತೆರಿಗೆ ಹಾಕಿದ್ದರೆ ಕೇಳಿ. ಎಂಆರ್‌ಪಿ ಮೇಲೆ ಮತ್ತೆ ತೆರಿಗೆ ಕೂಡಿಸುವುದಂತೂ ಯಾವ ಸಾಮಾನಿಗೂ ತಪ್ಪು, ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಬೆಲೆ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಬೈಂಡ್ ಶೀಟಿನಲ್ಲಿ ಪೇಟೆಗೂ ಬಡಾವಣೆಗೂ ಇರುವ ಅಂತರ ನೋಟ್‌ಬುಕ್ಕಿಗಿಂತ ದೊಡ್ಡದು, ಆದರೂ ಯಾರೂ ಲೆಕ್ಕ ಹಾಕುವುದಿಲ್ಲ. ಕಿಂಗ್ ಸೈಜ್ ಪುಸ್ತಕ ಬಿಡಿಸಿದರೆ 36 ಸೆಂ.ಮೀ., ಬೆನ್ನಿಗೆ 1, ಎರಡು ಕಡೆ ಒಳಮಡಿಕೆಗೆ ನಾಲ್ಕು ನಾಲ್ಕು, ಒಟ್ಟು 45. ಎತ್ತರಕ್ಕೆ 24ರ ಜೊತೆ ಮೇಲೆ ಕೆಳಗೆ ನಾಲ್ಕು ನಾಲ್ಕು ಸೇರಿಸಿ 32. ಅಂದರೆ 45 ಸೆಂ.ಮೀ. ಅಗಲದ ರೋಲಿನಲ್ಲಿ ಒಂದು ಪುಸ್ತಕಕ್ಕೆ 32 ಸೆಂ.ಮೀ. ಕತ್ತರಿಸಿದರೆ ಅಗಲದಲ್ಲಿ ಚೂರೂ ಉಳಿಯುವುದಿಲ್ಲ. 5 ಮೀಟರಿಗೆ 15 ಪುಸ್ತಕ, 10 ಮೀಟರಿಗೆ 31. ರೋಲ್ ಕೊಳ್ಳುವಾಗ ಅಗಲ ಅಳೆದು ನೋಡಿ. 40 ಸೆಂ.ಮೀ.ನದು ಕೊಂಡರೆ ಅಡ್ಡ ತಿರುಗಿಸಿ ಕತ್ತರಿಸಬೇಕು, ಐದನೇ ಒಂದು ಭಾಗ ಕಸದ ಬುಟ್ಟಿಗೆ. ತೆಳ್ಳಗಿನ ಶೀಟು ಬೆನ್ನಿನ ಜಾಗದಲ್ಲೇ ಮೊದಲು ಹರಿಯುತ್ತದೆ. ಬೆರಳ ನಡುವೆ ಹಿಡಿದು ಅಲುಗಿಸಿದಾಗ ಗಟ್ಟಿಯಾಗಿ ಸದ್ದು ಬರುವ ಶೀಟು ಒಂದು ವರ್ಷ ಬಾಳುತ್ತದೆ. ಕಾಗದ, ಕಾರ್ಡಿನ ಸಗಟು ವ್ಯಾಪಾರ ಸುಲ್ತಾನ್‌ಪೇಟೆಯಲ್ಲಿ ದಟ್ಟವಾಗಿದೆ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದರೆ ಅದು ಹತ್ತಿರ. ಬೈಂಡ್ ಶೀಟು, ಲೇಬಲ್ಲು, ಡ್ರಾಯಿಂಗ್ ಶೀಟು ಅಲ್ಲೇ ಮುಗಿಸಿ.

ಹಳೇ ಪುಸ್ತಕಕ್ಕೆ ಅವೆನ್ಯೂ ರಸ್ತೆಯೇ ರಾಜ. ಆದರೆ ಯಾವುದನ್ನು ಹಳೇದು ಕೊಳ್ಳಬೇಕು ಎಂಬುದರಲ್ಲೇ ಜಾಣತನ. ಎನ್‌ಸಿಇಆರ್‌ಟಿಯ 1ರಿಂದ 8ನೇ ತರಗತಿಯ ಪುಸ್ತಕದ ಮುಖಬೆಲೆಯೇ 65 ರೂಪಾಯಿ, ಪಿಡಿಎಫ್ ಉಚಿತ. ಅದನ್ನು ಹಳೇದರಲ್ಲಿ ಹುಡುಕಿ 25 ರೂಪಾಯಿ ಉಳಿಸಲು ಬಿಸಿಲಲ್ಲಿ ನಿಲ್ಲಬೇಡಿ. ಜೊತೆಗೆ ಹೊಸ ಪುಸ್ತಕಗಳು ಬಂದಿವೆ: 1, 2ನೇ ತರಗತಿಗೆ 2023ರಲ್ಲಿ, 3 ಮತ್ತು 6ಕ್ಕೆ 2024ರಲ್ಲಿ, 4, 5, 7, 8ಕ್ಕೆ 2025ರಲ್ಲಿ. ಅದಕ್ಕಿಂತ ಹಿಂದಿನದು ರದ್ದಿ. ಹೊಸದು ಕೊಳ್ಳುವಾಗಲೂ ಹಾಳೆಯನ್ನು ಬೆಳಕಿಗೆ ಹಿಡಿಯಿರಿ, ಎನ್‌ಸಿಇಆರ್‌ಟಿ ಎಂಬ ನೀರಚ್ಚು ಕಾಣಬೇಕು. ಕಾಣದಿದ್ದರೆ ನಕಲಿ ಮುದ್ರಣ.

ರಾಜ್ಯ ಪಠ್ಯಪುಸ್ತಕದಲ್ಲಿ ಗಣಿತ, ವಿಜ್ಞಾನ ಹಳೇದು ನಡೆಯುತ್ತದೆ. 6ರಿಂದ 10ರವರೆಗಿನ ಕನ್ನಡ ಮತ್ತು ಸಮಾಜ ವಿಜ್ಞಾನ 2022ರಲ್ಲೂ 2023ರಲ್ಲೂ ಪರಿಷ್ಕರಣೆಯಾದವು. ಮುದ್ರಣದ ವರ್ಷ ನೋಡದೆ ಮುಟ್ಟಬೇಡಿ. ಭಾಗ 1, ಭಾಗ 2 ಎಂದು ಎರಡಾಗಿ ಬಂದಿರುವ ಪುಸ್ತಕಗಳಲ್ಲಿ ಎರಡೂ ಇವೆಯೇ ಎಂದು ಎಣಿಸಿ.

ನಿಜವಾದ ಉಳಿತಾಯ ಇರುವುದು ಖಾಸಗಿ ಪ್ರಕಾಶಕರ ಪುಸ್ತಕಗಳಲ್ಲಿ. ಶಾಲೆ ಕೊಡುವ 'ಸೆಟ್' ಸಾವಿರಗಟ್ಟಲೆ ಆಗುವುದು ಇವುಗಳಿಂದಲೇ. ಐಸಿಎಸ್‌ಇ, ಸಿಬಿಎಸ್‌ಇ ರೆಫರೆನ್ಸ್, ವ್ಯಾಕರಣ, ಅಟ್ಲಾಸ್, ನಿಘಂಟು ಇವು ಒಳ್ಳೆಯ ಸ್ಥಿತಿಯಲ್ಲಿದ್ದರೆ ಮುಖಬೆಲೆಯ ಅರ್ಧದ ಆಸುಪಾಸಿನಲ್ಲಿ ಮಾತು ಶುರುವಾಗುತ್ತದೆ, ಚೌಕಾಸಿ ಮಾಡಿದರೆ ಇನ್ನೂ ಇಳಿಯುತ್ತದೆ. ಹೊಸ ಆವೃತ್ತಿ ಎಂದು ಹೊದಿಕೆ ಮಾತ್ರ ಬದಲಾಗಿರುವುದು ಬಹಳ. ಶಾಲೆಯ ಪಟ್ಟಿಯಲ್ಲಿರುವ ಐಎಸ್‌ಬಿಎನ್ ಎಂಬ ಗುರುತಿನ ಸಂಖ್ಯೆ ಬರೆದುಕೊಂಡು ಹೋಗಿ ಹೋಲಿಸಿ. ಅದು ಬೇರೆಯಾದರೆ ಪಾಠಗಳ ಪಟ್ಟಿಯ ಫೋಟೋ ಜೊತೆಗಿರಲಿ, ಅಂಗಡಿಯಲ್ಲೇ ಒಂದೊಂದು ಪಾಠ ತಾಳೆ ನೋಡಿ. ವರ್ಕ್‌ಬುಕ್ ಮಾತ್ರ ಹಳೇದು ಬೇಡ. ಪೆನ್ಸಿಲ್ ಅಳಿಸಿ ಮಾರುತ್ತಾರೆ, ಗುರುತು ಉಳಿದಿರುತ್ತದೆ, ಮಗು ಉತ್ತರ ನೋಡಿ ಬರೆಯುತ್ತದೆ.

ಶಾಲೆಯಲ್ಲೇ ಕೊಳ್ಳಬೇಕು ಎಂದು ಒತ್ತಾಯಿಸುವವರಿಗೆ ಸಿಬಿಎಸ್‌ಇ 2017ರ ಏಪ್ರಿಲ್‌ನಲ್ಲೇ ಎಚ್ಚರಿಕೆಯ ಸುತ್ತೋಲೆ ಹೊರಡಿಸಿತ್ತು. ವಾದ ಮಾಡುವುದಕ್ಕಿಂತ ಪಟ್ಟಿಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ಪಟ್ಟಿ ಕೈಗೆ ಬಂದರೆ ಅರ್ಧ ಕೆಲಸ ಮುಗಿಯಿತು.

ಯೂನಿಫಾರ್ಮಿಗೆ ಚಿಕ್ಕಪೇಟೆ. ಶಾಲೆಯ ಲಾಂಛನ ಹೊಲಿದ ರೆಡಿಮೇಡ್ ಅಲ್ಲಿ ಸಿಗುವುದಿಲ್ಲ, ಥಾನಿನ ಬಟ್ಟೆ ಸಿಗುತ್ತದೆ. ಮೀಟರ್ ದರ ಕೇಳುವ ಮೊದಲು ಪನ್ನ, ಅಂದರೆ ಬಟ್ಟೆಯ ಅಗಲ ಕೇಳಿ. 58 ಇಂಚು ಪನ್ನದ ಒಂದು ಮೀಟರಿನಲ್ಲಿ 36 ಇಂಚಿನದ್ದಕ್ಕಿಂತ 1.6 ಪಟ್ಟು ಬಟ್ಟೆ ಇದೆ. ಕಡಿಮೆ ದರ ಹೇಳಿದ ಅಂಗಡಿಯದ್ದು 36 ಆಗಿದ್ದರೆ ಅಗ್ಗ ಎಲ್ಲಿ ಬಂತು? ಹಳೇ ಯೂನಿಫಾರ್ಮ್ ತೆಗೆದುಕೊಂಡು ಹೋಗಿ, ಟ್ಯೂಬ್‌ಲೈಟಿನ ಕೆಳಗಲ್ಲ, ಬೀದಿಯ ಬೆಳಕಿಗೆ ತಂದು ಬಣ್ಣ ತಾಳೆ ನೋಡಿ. ಹಳೇದು ಒಗೆದು ಮಾಸಿರುತ್ತದೆ, ಹಾಗಾಗಿ ಒಳಮಡಿಕೆ ಬಿಚ್ಚಿ ಅಲ್ಲಿನ ಬಣ್ಣಕ್ಕೆ ಹೋಲಿಸಿ. ಇಬ್ಬರು ಮಕ್ಕಳಿಗೂ ಒಂದೇ ಥಾನಿನಿಂದ ಕತ್ತರಿಸಿಸಿ, ಮುಂದಿನ ವಾರ ಬಂದರೆ ಬಣ್ಣ ಸ್ವಲ್ಪ ಬೇರೆಯಾಗಬಹುದು. ಹತ್ತಿ ಜಾಸ್ತಿ ಇರುವ ಬಟ್ಟೆಯನ್ನು ಹೊಲಿಗೆಗೆ ಕೊಡುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ. ಟೈಲರಿಗೆ ಪ್ಯಾಂಟಿನ ಕೆಳಗೆ ಎರಡರಿಂದ ಮೂರು ಇಂಚು, ಸೊಂಟದ ಹಿಂದೆ ಒಂದು ಇಂಚು ಒಳಗೆ ಬಿಡಲು ಹೇಳಿ. ಎರಡನೇ ವರ್ಷಕ್ಕೆ ಖರ್ಚು ಬಿಚ್ಚಿ ಹೊಲಿಯುವ ಕೂಲಿ ಮಾತ್ರ. ಮೇ ಕೊನೆಗೆ ಟೈಲರುಗಳು ಕೈಗೆ ಸಿಗುವುದಿಲ್ಲ, ಬಟ್ಟೆ ಏಪ್ರಿಲ್‌ನಲ್ಲೇ ಕೊಟ್ಟುಬಿಡಿ.

ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರ, ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಕಾಲುಚೀಲ ಸರ್ಕಾರದಿಂದಲೇ ಬರುತ್ತವೆ. ತಡವಾದರೂ ಬರುತ್ತವೆ. ಮೊದಲೇ ಕೊಂಡು ಎರಡೆರಡು ಮಾಡಿಕೊಳ್ಳಬೇಡಿ.

ಈಗ ಪೇಟೆ ಸೋಲುವ ಕಡೆ. ಮಾಮೂಲ್‌ಪೇಟೆಯ ಸುತ್ತ ತೂಗುಹಾಕಿರುವ ಬ್ಯಾಗುಗಳು ನೋಡಲು ಚೆಂದ, ಕಾರ್ಟೂನು ಬೇರೆ. ಕೆಡುವುದು ಯಾವಾಗಲೂ ಮೂರೇ ಜಾಗದಲ್ಲಿ: ಭುಜದ ಪಟ್ಟಿ ಸೇರುವ ಹೊಲಿಗೆ, ಜಿಪ್ಪಿನ ರನ್ನರ್, ತಳದ ಮೂಲೆ. ಪಟ್ಟಿ ಸೇರುವಲ್ಲಿ ಒಂದೇ ಸಾಲು ಹೊಲಿಗೆ ಇದ್ದರೆ ಕೆಳಗಿಡಿ. ಚೌಕದೊಳಗೆ ಅಡ್ಡಗೆರೆ ಹಾಕಿದ ಹೊಲಿಗೆ ಇರಬೇಕು. ಮುಖ್ಯ ಜಿಪ್ಪು ನಂಬರ್ 8 ಅಥವಾ 10 ಇರಲಿ, ನಂಬರ್ 5 ಪೆನ್ಸಿಲ್ ಪೌಚಿಗೆ ಸರಿ. ಬ್ಯಾಗ್ ತೂಗಿ ನೋಡಿ. ನಗುವವರು ನಗಲಿ. 2019ರ ರಾಜ್ಯ ಸರ್ಕಾರದ ಆದೇಶದ ಪ್ರಕಾರ 1, 2ನೇ ತರಗತಿಗೆ ಪುಸ್ತಕ ಸಮೇತ 2 ಕೆ.ಜಿ., 3ರಿಂದ 5ಕ್ಕೆ 3 ಕೆ.ಜಿ. ಮಿತಿ. ಖಾಲಿ ಬ್ಯಾಗೇ 900 ಗ್ರಾಂ ಇದ್ದರೆ ಪುಟ್ಟ ಮಗುವಿನ ಪುಸ್ತಕಕ್ಕೆ ಉಳಿಯುವುದು 1,100 ಗ್ರಾಂ. ಗ್ಯಾರಂಟಿ ಇರುವ ಕಂಪನಿಯ ಬ್ಯಾಗನ್ನು ರಿಯಾಯಿತಿ ಸಮಯದಲ್ಲಿ ಕೊಳ್ಳುವುದೇ ಲೇಸು. ಹಳೇ ಬ್ಯಾಗಿನ ರನ್ನರ್ ಮಾತ್ರ ಹೋಗಿದ್ದರೆ ಬ್ಯಾಗ್ ರಿಪೇರಿಯವರು ಹೊಸ ಬ್ಯಾಗಿನ ಬೆಲೆಯ ಸಣ್ಣ ಪಾಲಿಗೆ ಹಾಕಿಕೊಡುತ್ತಾರೆ.

ಶೂ ಅಂತೂ ಮಗುವನ್ನು ಕರೆದುಕೊಂಡು ಹೋಗದೆ ಕೊಳ್ಳಬೇಡಿ, ಪೇಟೆಯ ಗದ್ದಲಕ್ಕೆ ಮಗುವನ್ನು ಕರೆದೊಯ್ಯಲೂ ಬೇಡಿ. ಬಡಾವಣೆಯ ಅಂಗಡಿಯಲ್ಲಿ ಸಂಜೆ ಹೊತ್ತು, ಕಾಲುಚೀಲ ಹಾಕಿ, ನಿಲ್ಲಿಸಿ ನೋಡಿ. ಹೆಬ್ಬೆರಳ ಮುಂದೆ ಒಂದು ಸೆಂ.ಮೀ. ಜಾಗ ಸಾಕು. ಒಂದು ಸೈಜು ಎಂದರೆ ಸುಮಾರು 8.5 ಮಿ.ಮೀ. 'ಬೆಳೀತಾನೆ ಬಿಡಿ' ಎಂದು ಎರಡು ಸೈಜು ದೊಡ್ಡದು ಕೊಂಡರೆ ಹಿಮ್ಮಡಿ ಜಾರಿ, ಹಿಂಭಾಗ ತುಳಿದು ಮುರಿದು, ಕಾಲು ಬೆಳೆಯುವ ಮೊದಲೇ ಶೂ ಸಾಯುತ್ತದೆ. ಕ್ಲಿಯರೆನ್ಸ್ ಎಂದು ಮಾರುವ ಹಳೇ ದಾಸ್ತಾನಿನ ಪಿಯು (ಪಾಲಿಯುರೆಥೇನ್) ಅಟ್ಟೆಯ ಶೂ ಕೊಳ್ಳಲೇಬೇಡಿ. ಆ ವಸ್ತು ಡಬ್ಬದಲ್ಲಿ ಕೂತಲ್ಲೇ ಗಾಳಿಯ ತೇವಕ್ಕೆ ಒಳಗಿಂದೊಳಗೆ ಕೊಳೆಯುತ್ತದೆ. ಹೊರಗೆ ಹೊಸದಾಗಿ ಹೊಳೆಯುತ್ತದೆ, ಎರಡನೇ ವಾರ ಅಟ್ಟೆ ಪುಡಿಪುಡಿ. ಡಬ್ಬದ ಮೇಲೆ ತಯಾರಾದ ತಿಂಗಳು ಇರುತ್ತದೆ, ಒಂದು ವರ್ಷ ದಾಟಿದ್ದರೆ ಬೇರೆ ಕೇಳಿ. ಪಿವಿಸಿ ಅಟ್ಟೆ ಹೀಗೆ ಪುಡಿಯಾಗುವುದಿಲ್ಲ, ಆದರೆ ಭಾರ, ಒದ್ದೆ ನೆಲದಲ್ಲಿ ಜಾರುತ್ತದೆ.

ಪೆನ್ಸಿಲು, ಪೆನ್ನು, ರಬ್ಬರಿಗೆ ಹೆಚ್ಚು ಹೇಳುವುದಿಲ್ಲ. ಹತ್ತರ ಡಬ್ಬಿ ಕೊಳ್ಳಿ. ಜಾಮಿಟ್ರಿ ಬಾಕ್ಸಿನಲ್ಲಿ ಕೆಡುವುದು ಕೈವಾರದ ತಿರುಪು ಮಾತ್ರ, ಕೈವಾರವೊಂದೇ ಬಿಡಿಯಾಗಿ ಸಿಗುತ್ತದೆ. ಪೂರ್ತಿ ಬಾಕ್ಸ್ ಯಾಕೆ?

ಹೋಗುವುದಿದ್ದರೆ ವಾರದ ನಡುವೆ, ಬೆಳಿಗ್ಗೆ ಹನ್ನೊಂದಕ್ಕೆ. ಸಗಟು ಅಂಗಡಿಗಳು ಬಹುತೇಕ ಭಾನುವಾರ ಮುಚ್ಚಿರುತ್ತವೆ. ಕಾರು ಬೇಡ, ನಿಲ್ಲಿಸಲು ಜಾಗವಿಲ್ಲ. ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ನಿಲ್ದಾಣ. ಮೊದಲು ಬಟ್ಟೆ, ಆಮೇಲೆ ಹಳೇ ಪುಸ್ತಕ, ಬೈಂಡ್ ಶೀಟು, ಕೊನೆಗೆ ನೋಟ್‌ಬುಕ್. ಈ ಕ್ರಮ ತಪ್ಪಿದರೆ ಕೈ ಸೋಲುತ್ತದೆ: 172 ಪುಟದ ಕಿಂಗ್ ಸೈಜ್ ಒಂದು ಸುಮಾರು 230 ಗ್ರಾಂ, ಡಜನ್ ಎಂದರೆ ಸುಮಾರು ಎರಡೂಮುಕ್ಕಾಲು ಕೆ.ಜಿ., ನಾಲ್ಕು ಡಜನ್ 11 ಕೆ.ಜಿ. ಅಂಗಡಿಯವರು ಕಟ್ಟುವ ಪ್ಲಾಸ್ಟಿಕ್ ದಾರ ಬೆರಳು ಕೊಯ್ಯುತ್ತದೆ. ಮನೆಯಿಂದ ಎರಡು ಗಟ್ಟಿ ಬಟ್ಟೆಯ ಚೀಲ ಒಯ್ಯಿರಿ, ಅಂಗಡಿ ಬಿಡುವ ಮೊದಲು ಅಲ್ಲೇ ನಿಂತು ಎಣಿಸಿ, ಗೆರೆ ಸರಿಯಿದೆಯೇ ನೋಡಿ. ಸಿಂಗಲ್ ಲೈನ್ ಕೇಳಿದ್ದಕ್ಕೆ ಗೆರೆಯಿಲ್ಲದ್ದು ಬಂದಿದ್ದರೆ ಆಗಲೇ ಬದಲಿಸಿಕೊಡುತ್ತಾರೆ, ಮರುದಿನ ಬಿಲ್ ಹಿಡಿದು ಹೋದರೆ ಆ ಜನಸಂದಣಿಯಲ್ಲಿ ಯಾರೂ ನಿಮ್ಮ ಮುಖ ನೋಡುವುದಿಲ್ಲ.