ಆರು ವರ್ಷ ಓಡಿಸಿದ 1965ರ ಲಿಂಕನ್ ಕಾಂಟಿನೆಂಟಲ್: ಮಾರುವ ಮುಂಚೆ ನಾಲ್ಕು ಮಾತು

ನಮ್ಮ ಲಿಂಕನ್ ಮಾರಾಟಕ್ಕಿದೆ. 1965ರ ಕಾಂಟಿನೆಂಟಲ್ ಕನ್ವರ್ಟಿಬಲ್, ಅಂದರೆ ಚಾವಣಿ ಮಡಚಿ ತೆರೆಯುವ ಕಾರು. ಆರು ವರ್ಷದಿಂದ ಅಮೆರಿಕದ ಮಿಷಿಗನ್‌ನ ನೋವೈ ಊರಲ್ಲಿ, ನಮ್ಮ ಮನೆಯ ಗ್ಯಾರೇಜಿನಲ್ಲಿದೆ. ಇದು ಹುಟ್ಟಿದ್ದು ಪಕ್ಕದೂರು ವಿಕ್ಸಮ್‌ನಲ್ಲಿ. ಆ ಕಾರ್ಖಾನೆ 2007ರಲ್ಲೇ ಮುಚ್ಚಿತು, ಕಾರು ಮಾತ್ರ ಇನ್ನೂ ಓಡುತ್ತಿದೆ. ಮಾರುವವನೇ ಬರೆಯುವ ವಿಮರ್ಶೆ ಅಂದರೆ ಅನುಮಾನ ಬರುತ್ತೆ ಅಲ್ವಾ? ಅದಕ್ಕೇ ಬೈಗುಳವೂ ಸೇರಿಸಿಯೇ ಬರೆಯುತ್ತಿದ್ದೇನೆ.

ಮೊದಲು ಬಾಗಿಲು. ಕನ್ವರ್ಟಿಬಲ್ ಆದರೂ ನಾಲ್ಕು ಬಾಗಿಲು. ಹಿಂದಿನ ಬಾಗಿಲಿನ ಕೀಲು ಹಿಂದುಗಡೆ ಇರುವುದರಿಂದ ಎರಡೂ ಬಾಗಿಲು ಬೀರುವಿನ ಹಾಗೆ ತೆರೆದುಕೊಳ್ಳುತ್ತವೆ. ಊರಿಂದ ಬಂದಿದ್ದ ಅಮ್ಮನಿಗೆ ಮಂಡಿ ನೋವು. ಸೀರೆಯ ನೆರಿಗೆ ಹಿಡಿದುಕೊಂಡು ಆರಾಮಾಗಿ ಕೂತು, "ನಿನ್ನ ಆ ಹೊಸ ಕಾರಿಗಿಂತ ಇದೇ ವಾಸಿ ಕಣೋ" ಅಂದಿದ್ದರು. ನೆಂಟರು ಯಾರೇ ಬರಲಿ, ಇದು ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾದಾಗ ಕೂತಿದ್ದ ಕಾರಾ ಅಂತ ಕೇಳುತ್ತಾರೆ. ಅಲ್ಲಪ್ಪ. ಅದು 1961ರ ಕಾಂಟಿನೆಂಟಲ್, ಉದ್ದ ಮಾಡಿಸಿದ್ದು. ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ.

ಏಳು ಲೀಟರಿನ ವಿ8 ಇಂಜಿನ್, 320 ಅಶ್ವಶಕ್ತಿ. ಹೈವೇಯಲ್ಲಿ ದೋಣಿ ತೇಲಿದ ಹಾಗೆ ಹೋಗುತ್ತದೆ. ಲೀಟರಿಗೆ ನಾಲ್ಕು ಕಿಲೋಮೀಟರ್ ಬಂದರೆ ಆ ದಿನ ಪುಣ್ಯ. 1965ರಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೊಟ್ಟರು, ಅದಕ್ಕೇ ನಾನು ಆ ವರ್ಷದ್ದೇ ಹುಡುಕಿದ್ದು. ಆದರೆ ನಾಲ್ಕೂ ಚಕ್ರಕ್ಕೆ ಸೇರಿ ಬ್ರೇಕ್ ಎಣ್ಣೆ ಹರಿಯುವ ಸರ್ಕ್ಯೂಟ್ ಒಂದೇ. ಒಂದು ಕಡೆ ಸೋರಿದರೆ ನಾಲ್ಕೂ ಹೋದ ಹಾಗೇ. ಹತ್ತಿರ ಹತ್ತಿರ ಎರಡೂವರೆ ಟನ್ ತೂಕದ ಗಾಡಿ ಇದು. ತಂದ ವಾರವೇ ಬ್ರೇಕ್ ಹೋಸ್‌ಗಳನ್ನೆಲ್ಲ ಬದಲಾಯಿಸಿದೆ.

ಇನ್ನು ಟಾಪ್, ಅಂದರೆ ಆ ಮಡಚುವ ಚಾವಣಿ. ಈ ಕಾರಿನ ಜೀವವೂ ಅದೇ, ತಲೆನೋವೂ ಅದೇ. ಗುಂಡಿ ಒತ್ತಿದರೆ ಡಿಕ್ಕಿಯ ಮುಚ್ಚಳದ ಬೀಗ ತಾನೇ ಬಿಚ್ಚುತ್ತದೆ. ಮುಚ್ಚಳ ಮಾಮೂಲಿನ ಹಾಗೆ ಅಲ್ಲ, ಹಿಂದಕ್ಕೆ ತೆರೆದುಕೊಳ್ಳುತ್ತದೆ. ಆಮೇಲೆ ಟಾಪ್ ಮುಂದಿನ ಗಾಜಿನ ಮೇಲಿನ ಹಿಡಿತ ಬಿಟ್ಟು ಎದ್ದು, ಮಡಚಿಕೊಂಡು, ಡಿಕ್ಕಿಯೊಳಗೆ ಹೋಗಿ ಮಲಗುತ್ತದೆ. ಕಂಪ್ಯೂಟರ್ ಅನ್ನುವುದೇ ಇಲ್ಲ. ಬರೀ ರಿಲೇ, ಸ್ವಿಚ್ಚು, ಮೋಟಾರು, ಹೈಡ್ರಾಲಿಕ್ ಎಣ್ಣೆ. ಒಂದು ಕೆಲಸ ಮುಗಿಯಿತು ಅಂತ ಒಂದು ಪುಟ್ಟ ಸ್ವಿಚ್ಚು ಹೇಳಿದರೆ ಮಾತ್ರ ಮುಂದಿನದು ಶುರು. ಟಾಪ್ ಒಳಗೆ ಹೋಯಿತೋ, ಡಿಕ್ಕಿಯಲ್ಲಿ ತರಕಾರಿ ಚೀಲಕ್ಕೂ ಜಾಗ ಕಷ್ಟ.

ಎರಡನೇ ವರ್ಷ, ಆಗಸ್ಟಿನಲ್ಲಿ ನಡೆಯುವ ಹಳೇ ಕಾರುಗಳ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಹೋಗಿದ್ದೆವು. ಮಳೆ ಹನಿಯಿತು. ಗುಂಡಿ ಒತ್ತಿದೆ. ಮುಚ್ಚಳ ಮೊಸಳೆ ಬಾಯಿ ತೆರೆದ ಹಾಗೆ ಎದ್ದು ನಿಂತಿತು, ಅಷ್ಟೇ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ರಸ್ತೆ ತುಂಬ ಜನ ಫೋಟೋ ತೆಗೆಯುತ್ತಿದ್ದಾರೆ. "ರೀ, ಛತ್ರಿ ಡಿಕ್ಕಿಯಲ್ಲೇ ಇದೆ, ತಗೊಳ್ಲಾ?" ಅಂತ ಹೆಂಡತಿ ಶಾಂತವಾಗಿ ಕೇಳಿದಳು. ಅರ್ಧ ಗಂಟೆ ನೆನೆದೆವು. ಮನೆಗೆ ಬಂದು ನೋಡಿದರೆ ಹೆಬ್ಬೆರಳಿನ ಉಗುರಷ್ಟು ದೊಡ್ಡ ಒಂದು ಸ್ವಿಚ್ಚಿನ ತಾಮ್ರ ಹಸಿರುಗಟ್ಟಿತ್ತು. ಉಜ್ಜಿದೆ, ಸರಿಹೋಯಿತು.

ಆಗಲೇ ಇನ್ನೊಂದು ಗೊತ್ತಾಯಿತು. ಕಾರು ಪೂರ್ತಿ ರಿಸ್ಟೋರ್ ಆಗಿದೆ ಅಂತ ನನಗೆ ಮಾರಿದ್ದರು. ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಚರ್ಮದ ಸೀಟು ಹೊಚ್ಚ ಹೊಸದು. ಸೀಟಿನ ಹಿಂದೆ ವೈರುಗಳು ಮಾತ್ರ ಹಳೇವೇ, ಮೂರು ಕಡೆ ಟೇಪು ಸುತ್ತಿ ಜೋಡಿಸಿದ್ದು. ಇಂಥ ಕಾರು ನೋಡಲು ಹೋದರೆ ಬಣ್ಣಕ್ಕೆ ಮರುಳಾಗಬೇಡಿ. ಟಾಪ್ ಐದು ಸಲ ಮೇಲೆ ಕೆಳಗೆ ಮಾಡಿಸಿ. ಮಾರುವವರು ಮುಖ ಸಣ್ಣಗೆ ಮಾಡಿಕೊಂಡರೆ ಸುಮ್ನೆ ವಾಪಸ್ ಬನ್ನಿ. ನಮ್ಮ ಮನೆಗೆ ಬಂದರೂ ಅಷ್ಟೇ, ಹತ್ತು ಸಲ ಮಾಡಿಸಿ.

ನವೆಂಬರಿನಿಂದ ಏಪ್ರಿಲ್‌ವರೆಗೆ ಹೊರಗೆ ತೆಗೆಯುವ ಹಾಗಿಲ್ಲ. ರಸ್ತೆಗೆ ಸುರಿಯುವ ಉಪ್ಪು ತಗಡನ್ನು ತಿಂದುಬಿಡುತ್ತದೆ. ಮಾರುವುದಕ್ಕೆ ಕಾರಣ ಇದ್ಯಾವುದೂ ಅಲ್ಲ. ಮನೆಗೆ ಎರಡನೇ ಮಗು ಬಂದಿದೆ. ಈ ಕಾರಿನಲ್ಲಿ ಇರುವುದು ಸೊಂಟಕ್ಕೆ ಕಟ್ಟುವ ಬೆಲ್ಟು ಮಾತ್ರ.

ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಟಾಪ್‌ನ ವೈರಿಂಗ್ ನಕ್ಷೆ ಇದೆ. ಯಾವ ಸ್ವಿಚ್ಚು ಎಲ್ಲಿ ಕೈಕೊಡುತ್ತದೆ ಅಂತ ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ, ಪೂರ್ತಿ ಕನ್ನಡದಲ್ಲಿ. ಅದೂ ಕಾರಿನ ಜೊತೆಗೇ ಬರುತ್ತದೆ.