ಗಂಡನ ಆಪರೇಷನ್ ಆದ ದಿನವೇ ನಿಶ್ಚಿಂತರಾಗಬೇಡಿ, ನಾವು ಹಾಗೆ ನಂಬಿ ಕೆಟ್ಟೆವು

ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಎರಡು ಸಿಸೇರಿಯನ್ ಆಗಿರುವ ನನಗೆ ಇನ್ನೊಂದು ಆಪರೇಷನ್ ಬೇಡವೆಂದು ನಮ್ಮ ಯಜಮಾನರು ತಾವೇ ಮುಂದೆ ಬಂದು, ಕಾಫಿ ಕೊಯ್ಲಿಗೆ ಮುಂಚೆ ಸಕಲೇಶಪುರದಿಂದ ಹಾಸನಕ್ಕೆ ಹೋಗಿ, ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೊಲಿಗೆಯಿಲ್ಲದ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡರು. ಹೊರಡುವಾಗ ಆಸ್ಪತ್ರೆಯವರು "ಒಂದು ವಾರ ಭಾರ ಎತ್ತಬೇಡಿ, ಇನ್ನೇನೂ ಯೋಚನೆ ಇಲ್ಲ" ಎಂದರು. ಮೂರು ತಿಂಗಳು ಕಾಂಡೋಮ್ ಬಳಸಬೇಕೆಂದು ಯಾರೂ ಹೇಳಲಿಲ್ಲ. ಒಬ್ಬರೂ ಹೇಳಲಿಲ್ಲ.

ಎರಡು ತಿಂಗಳಿಗೆ ನನ್ನ ಮುಟ್ಟು ನಿಂತಿತು. ಅತ್ತೆಯವರು ಏನೂ ಕೇಳದೆ ನನ್ನ ಮುಖವನ್ನೇ ನೋಡುತ್ತಾ ಕುಳಿತದ್ದನ್ನು ನಾನು ಮರೆಯಲಾರೆ. ಆಸ್ಪತ್ರೆಗೆ ಹೋದರೆ, ಯಜಮಾನರ ಎದುರಿಗೇ, "ಆಪರೇಷನ್ ಸರಿಯಾಗಿಯೇ ಆಗಿದೆ ಮೇಡಂ, ನೀವೇ ಯೋಚನೆ ಮಾಡಿ" ಎಂದರು. ಆ 'ನೀವೇ' ಎಂಬ ಮಾತಿನ ಅರ್ಥ ನಮ್ಮಿಬ್ಬರಿಗೂ ಆಯಿತು. ಯಜಮಾನರು ನನ್ನನ್ನು ಒಂದು ಕ್ಷಣವೂ ಅನುಮಾನಿಸದೆ ಬೇರೆ ಲ್ಯಾಬ್‌ನಲ್ಲಿ ವೀರ್ಯ ಪರೀಕ್ಷೆ ಮಾಡಿಸಿದರು. ವೀರ್ಯಾಣುಗಳು ಇನ್ನೂ ಇದ್ದವು. ಆ ವರದಿ ತೋರಿಸಿದಾಗ ಬಂದ ಉತ್ತರ: "ಫಾರಂನಲ್ಲಿ ಎಲ್ಲ ಬರೆದಿದೆ, ನೀವು ಸಹಿ ಮಾಡಿದ್ದೀರಲ್ಲ." ಆ ಫಾರಂ ಪೂರ್ತಿ ಇಂಗ್ಲಿಷಿನಲ್ಲಿತ್ತು.

ಅಂದು ರಾತ್ರಿ ಹಳೆಯ ಬಿಲ್ ತೆಗೆದು ನೋಡಿದೆವು. ವೀರ್ಯ ಪರೀಕ್ಷೆಯ ಹಣವನ್ನು ಮೊದಲೇ ಹಿಡಿದುಕೊಂಡಿದ್ದರು. ಹಣ ತೆಗೆದುಕೊಂಡು, ಪರೀಕ್ಷೆಗೆ ಬನ್ನಿ ಎಂಬ ಒಂದು ಮಾತು ಹೇಳಲಿಲ್ಲ! ಕೇಳಿದ್ದಕ್ಕೆ "ಈಗ ಬನ್ನಿ, ಫ್ರೀಯಾಗಿ ಮಾಡಿಕೊಡುತ್ತೇವೆ" ಎಂದರು. ನಾವೇ ಕಟ್ಟಿದ ಹಣಕ್ಕೆ ಫ್ರೀ ಎಂದರು.

ವೀರ್ಯಾಣು ಸಾಗುವ ನಾಳವನ್ನು ಕತ್ತರಿಸಿ ಕಟ್ಟಿದ ಮೇಲೂ, ಕಟ್ಟಿದ ಜಾಗದಿಂದ ಮುಂದಕ್ಕೆ ಉಳಿದಿರುವ ವೀರ್ಯಾಣುಗಳು ಖಾಲಿಯಾಗಲು ಸುಮಾರು 3 ತಿಂಗಳು ಬೇಕೆಂದು, ಆಮೇಲೆ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲವೆಂದು ಬಂದರೆ ಮಾತ್ರ ಕಾಂಡೋಮ್ ಬಿಡಬಹುದೆಂದು ನಮಗೆ ಬಿಡಿಸಿ ಹೇಳಿದವರು ಊರಿನ ಆಶಾ ಕಾರ್ಯಕರ್ತೆ. ಲೈಂಗಿಕ ಸೋಂಕುಗಳನ್ನು ಈ ಆಪರೇಷನ್ ತಡೆಯುವುದಿಲ್ಲವೆಂಬುದನ್ನೂ ಅವರೇ ಹೇಳಿದರು.

ನಾನು ಏಳನೆಯ ವಾರದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭ ತೆಗೆಸಿಕೊಂಡೆ. ಸಂತಾನ ನಿಯಂತ್ರಣ ವಿಫಲವಾದಾಗ 20 ವಾರದವರೆಗೆ ಕಾನೂನು ಇದಕ್ಕೆ ಅವಕಾಶ ಕೊಡುತ್ತದೆ, ಆದ್ದರಿಂದ ಯಾರೂ ಹೆದರಿ ಕದ್ದುಮುಚ್ಚಿ ಮಾತ್ರೆ ನುಂಗಬೇಡಿ. ಆಪರೇಷನ್‌ಗೆ ಮುಂಚೆಯೇ ಪರೀಕ್ಷೆಯ ದಿನಾಂಕವನ್ನು ಕನ್ನಡದಲ್ಲಿ ಬರೆಸಿಕೊಳ್ಳಿ, ಬಿಲ್ಲಿನ ಪ್ರತಿ ಸಾಲನ್ನೂ ಓದಿಸಿ ಕೇಳಿ. ಯಜಮಾನರ ಎರಡನೆಯ ಪರೀಕ್ಷೆ ಮುಂದಿನ ತಿಂಗಳಿದೆ. ಅದನ್ನು ಆ ಆಸ್ಪತ್ರೆಯಲ್ಲಿ ಮಾಡಿಸುವುದಿಲ್ಲ.