ವಿಲಿಯಮ್ಸ್ ಅಥವಾ ಡೇನಿಯಲ್ಸ್: 2024ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಯಾರು ಮೊದಲು?

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್. 2024ರಲ್ಲಿ ಮೊದಲ ಆಯ್ಕೆ ಶಿಕಾಗೊ ಬೇರ್ಸ್ ತಂಡದ್ದಾಗಿತ್ತು. ಅವರಿಗೆ ಬೇಕಿದ್ದುದು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಆಟಗಾರ. ನನ್ನ ಊಹೆ ಕೇಲಬ್ ವಿಲಿಯಮ್ಸ್ ಆಗಿತ್ತು, ಅವರು ಆರಿಸಿದ್ದೂ ಅವನನ್ನೇ. 2022ರಲ್ಲೇ ಹೈಸ್ಮನ್ ಟ್ರೋಫಿ (ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಪ್ರಶಸ್ತಿ) ಗೆದ್ದ ಹುಡುಗ. ಎದುರಾಳಿಗಳು ಮುತ್ತಿಕೊಂಡಾಗಲೂ ತಪ್ಪಿಸಿಕೊಂಡು, ಓಡುತ್ತಲೇ ದೂರಕ್ಕೆ ಚೆಂಡು ಎಸೆಯುತ್ತಾನೆ. ಇದನ್ನು ಯಾವ ಕೋಚ್ ಕೂಡ ಕಲಿಸಲಾರ. ಆದರೆ ಚೆಂಡನ್ನು ಜಾಸ್ತಿ ಹೊತ್ತು ಹಿಡಿದುಕೊಳ್ಳುತ್ತಾನೆ, ಅದೇ ಅಪಾಯ.

ಜೇಡನ್ ಡೇನಿಯಲ್ಸ್ ಕೂಡ ಕ್ವಾರ್ಟರ್‌ಬ್ಯಾಕ್, 2023ರ ಹೈಸ್ಮನ್ ವಿಜೇತ. ಆ ಸೀಸನ್‌ನಲ್ಲಿ ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಪರ 40 ಟಚ್‌ಡೌನ್ ಪಾಸ್ (ಅಂಕ ತಂದ ಎಸೆತ), ಬರೀ 4 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ). ಓಡಿಯೇ 1,134 ಗಜ! ಕಾಲೇಜಿನಲ್ಲಿ ಐದು ಸೀಸನ್ ಆಡಿದ ಅನುಭವ ಬೇರೆ. ಮೈ ಮಾತ್ರ ಸಣಕಲು.

ಮೊದಲ ದಿನದಿಂದಲೇ ಆಡಿಸಬೇಕೆಂದರೆ ಡೇನಿಯಲ್ಸ್ ಸರಿ. ಹತ್ತು ವರ್ಷದ ಲೆಕ್ಕ ಹಾಕಿದರೆ ನನ್ನ ಮತ ವಿಲಿಯಮ್ಸ್‌ಗೇ. ಎರಡನೇ ಆಯ್ಕೆ ಇದ್ದ ವಾಷಿಂಗ್ಟನ್ ತಂಡ ಡೇನಿಯಲ್ಸ್‌ನನ್ನು ಬಿಡಲಿಲ್ಲ, ನೋಡಿ.